ಒಕ್ಕೂಟದಿಂದ ನಿರ್ಗಮನವೂ ಪಾರ್ಲಿಮೆಂಟಿನ ಅಧಿಕಾರವೂ: ಮಿಲ್ಲರ್ ಮೊಕದ್ದಮೆಯ ತೀರ್ಪನ್ನು ಕುರಿತ ಒಂದು ವಿಮರ್ಶೆ

೧

ಸ್ವತಂತ್ರ ರಾಷ್ಟ್ರಗಳು ತಮ್ಮ ಅಧಿಕಾರದ ಒಂದಂಶವನ್ನು ತಮಗೆ ಮೇಲಾದ ಸಂಸ್ಥೆಗಳಿಗೆ ಒಪ್ಪಿಸಿ ಒಕ್ಕೂಟವೊಂದನ್ನು ಕಟ್ಟಿಕೊಂಡ ಮೇಲೆ ಅದರಿಂದ ಹೊರಬರುವ ಹಕ್ಕು ಅವುಗಳಿಗೆ ಉಂಟೆ? ಉಂಟಾದರೆ ಆ ಹಕ್ಕನ್ನು ಚಲಾಯಿಸತಕ್ಕವರು ಯಾರು? ಹೊರಡುವೆವೆಂದು ಒಮ್ಮೆ ತಿಳಿಸಿದ ರಾಷ್ಟ್ರವು ಆ ಮಾತನ್ನು ಹಿಂತೆಗೆದುಕೊಳ್ಳಬಹುದೆ? ಒಕ್ಕೂಟದ ಕಾನೂನಿನಿಂದ ಸಾಮಾನ್ಯ ಜನರಿಗೆ ಒದಗಿದ್ದ ಹಕ್ಕುಗಳ ಗತಿ ಏನು? ಬಹುಕಾಲದವರೆಗೆ ಇವು ಪಂಡಿತರ ಚರ್ಚೆಗೆ ಮಾತ್ರ ಸೇರಿದ ಪ್ರಶ್ನೆಗಳಾಗಿದ್ದುವು. ೨೦೧೬ರಲ್ಲಿ ಬ್ರಿಟನ್ನಿನ ಮತದಾರರು ಯೂರೋಪಿಯನ್ ಒಕ್ಕೂಟವನ್ನು ಬಿಡುವ ಪಕ್ಷಕ್ಕೆ ಒಲಿದ ಮೇಲೆ ಅವು ಒಂದರ ಹಿಂದೊಂದರಂತೆ ನ್ಯಾಯಸ್ಥಾನಗಳ ಮುಂದೆ ಬಂದುವು.

ಇವುಗಳಲ್ಲಿ ಎರಡನೆಯ ಪ್ರಶ್ನೆಗೆ ಉತ್ತರವನ್ನು ಕೊಟ್ಟದ್ದು ಬ್ರಿಟನ್ನಿನ ಸರ್ವೋಚ್ಚ ನ್ಯಾಯಾಲಯವು ೨೦೧೭ನೆಯ ಜನವರಿ ೨೪ರಂದು ಹೇಳಿದ ಮಿಲ್ಲರ್ ಮೊಕದ್ದಮೆಯ ತೀರ್ಪು. ಅದನ್ನು ಸಂವಿಧಾನದ ವಿದ್ಯಾರ್ಥಿಗಳು ಪಾರ್ಲಿಮೆಂಟಿನ ಪರಮಾಧಿಕಾರಕ್ಕೆ ದೊರೆತ ಮಹಾವಿಜಯವೆಂದು ಸಾಮಾನ್ಯವಾಗಿ ವರ್ಣಿಸುತ್ತಾರೆ. ತೀರ್ಪಿನ ಫಲಿತಾಂಶ ನ್ಯಾಯವಾದದ್ದೆಂದು ನಾವೂ ಒಪ್ಪುತ್ತೇವೆ. ಆದರೆ ಅದು ನಿಂತ ತಳಹದಿಯಲ್ಲಿ ಒಂದು ಕಲ್ಲು ಪರೀಕ್ಷಿಸದೆ ಇಟ್ಟದ್ದು. ಇಪ್ಪತ್ತಮೂರು ತಿಂಗಳೊಳಗಾಗಿ ಅದು ಕಳಚಿಬಿದ್ದಿತು. ಆ ಕಲ್ಲನ್ನು ತೆಗೆದ ಮೇಲೂ ತೀರ್ಪು ನಿಲ್ಲುವುದೇ, ನಿಲ್ಲುವುದಾದರೆ ಯಾವ ಆಧಾರದ ಮೇಲೆ ಎಂಬುದನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ. ನಾವು ಇತಿಹಾಸದ ಅಧ್ಯಾಪಕರೇ ಹೊರತು ನ್ಯಾಯವಾದಿಗಳಲ್ಲ. ಆದಕಾರಣ ತೀರ್ಪನ್ನು ಒಂದು ಐತಿಹಾಸಿಕ ದಾಖಲೆಯಂತೆ ಓದಿ, ಅದರ ಸಾಕ್ಷ್ಯವನ್ನು ತೂಗುವುದಕ್ಕೆ ಮಾತ್ರ ಇಲ್ಲಿ ಪ್ರಯತ್ನಿಸಿದ್ದೇವೆ.

೨

ಮೊದಲು ನಿರ್ಗಮನದ ವಿಧಿಯ ಪೂರ್ವೋತ್ತರವನ್ನು ತಿಳಿಯುವುದು ಅಗತ್ಯ. ೧೯೫೭ರ ರೋಮ್ ಒಡಂಬಡಿಕೆಯಲ್ಲಿ ಹೊರಬರುವ ಮಾತೇ ಇರಲಿಲ್ಲ. ಅದು ಅನಿರ್ದಿಷ್ಟ ಕಾಲದವರೆಗೆ ಮಾಡಿಕೊಂಡ ಒಡಂಬಡಿಕೆ. ೧೯೮೫ನೆಯ ಫೆಬ್ರವರಿ ೧ರಂದು ಗ್ರೀನ್‌ಲೆಂಡ್ ಹೊರಬಂದದ್ದುಂಟು. ಆದರೆ ಗ್ರೀನ್‌ಲೆಂಡ್ ಸದಸ್ಯರಾಷ್ಟ್ರವಲ್ಲ, ಡೆನ್ಮಾರ್ಕಿಗೆ ಸೇರಿದ ಪ್ರದೇಶ. ೧೯೮೨ರಲ್ಲಿ ಅಲ್ಲಿ ನಡೆದ ಜನಮತಗಣನೆಯ ತರುವಾಯ ಸದಸ್ಯರಾಷ್ಟ್ರಗಳೆಲ್ಲವೂ ಒಪ್ಪಿ ಮೂಲ ಒಡಂಬಡಿಕೆಗಳನ್ನೇ ತಿದ್ದಿ ಅದನ್ನು ಬಿಟ್ಟುಕೊಟ್ಟುವು. ಇದರಿಂದ ಒಂದು ರಾಷ್ಟ್ರವು ತಾನಾಗಿಯೇ ಹೊರಬರಬಹುದೇ ಎಂಬ ಸಂದೇಹ ಪರಿಹಾರವಾಗಲಿಲ್ಲ.

೨೦೦೨-೦೩ರಲ್ಲಿ ಯೂರೋಪಿಗೊಂದು ಸಂವಿಧಾನವನ್ನು ರಚಿಸಲು ಕೂಡಿದ ಸಮಾವೇಶದಲ್ಲಿ ನಿರ್ಗಮನದ ವಿಧಿ ರೂಪುಗೊಂಡಿತು. ಆ ಸಂವಿಧಾನವನ್ನು ೨೦೦೫ರಲ್ಲಿ ಫ್ರಾನ್ಸ್ ಮತ್ತು ನೆದರ್ಲೆಂಡ್ಸ್ ದೇಶಗಳ ಮತದಾರರು ತಿರಸ್ಕರಿಸಿದರು. ಆದರೂ ವಿಧಿ ಉಳಿಯಿತು. ೨೦೦೭ರಲ್ಲಿ ಸಹಿಯಾಗಿ ೨೦೦೯ನೆಯ ಡಿಸೆಂಬರ್ ೧ರಂದು ಜಾರಿಗೆ ಬಂದ ಲಿಸ್ಬನ್ ಒಡಂಬಡಿಕೆಯ ಮೂಲಕ ಅದು ಒಕ್ಕೂಟದ ಮೂಲ ಒಡಂಬಡಿಕೆಯ ೫೦ನೆಯ ವಿಧಿಯಾಯಿತು.

ಈ ವಿಧಿಯಲ್ಲಿ ಐದೇ ಖಂಡಗಳುಂಟು. ಯಾವ ಸದಸ್ಯರಾಷ್ಟ್ರವಾದರೂ ತನ್ನ ಸಂವಿಧಾನದ ಕ್ರಮಕ್ಕನುಸಾರವಾಗಿ ಹೊರಬರುವ ನಿರ್ಣಯವನ್ನು ಮಾಡಬಹುದೆಂಬುದು ಮೊದಲನೆಯದು. ಆ ಸಂಕಲ್ಪವನ್ನು ಯೂರೋಪಿಯನ್ ಕೌನ್ಸಿಲಿಗೆ ತಿಳಿಸತಕ್ಕದ್ದು, ನಿರ್ಗಮನದ ಏರ್ಪಾಡುಗಳನ್ನು ಕುರಿತು ಒಪ್ಪಂದವನ್ನು ಮಾಡಿಕೊಳ್ಳತಕ್ಕದ್ದು ಎಂಬುದು ಎರಡನೆಯದು. ಒಪ್ಪಂದ ಜಾರಿಗೆ ಬಂದ ದಿನದಿಂದ, ಒಪ್ಪಂದವಾಗದಿದ್ದರೆ ನೋಟೀಸು ಕೊಟ್ಟ ಎರಡು ವರ್ಷಗಳಿಗೆ, ಒಡಂಬಡಿಕೆಗಳು ಆ ರಾಷ್ಟ್ರಕ್ಕೆ ಅನ್ವಯಿಸುವುದು ನಿಲ್ಲುತ್ತದೆ. ಎಲ್ಲ ರಾಷ್ಟ್ರಗಳೂ ಏಕಮತದಿಂದ ಒಪ್ಪಿದರೆ ಮಾತ್ರ ಗಡುವನ್ನು ಮುಂದಕ್ಕೆ ಹಾಕಬಹುದು. ಇದು ಮೂರನೆಯದು. ಉಳಿದ ಎರಡು ಖಂಡಗಳು, ಹೊರಡುವ ರಾಷ್ಟ್ರದ ಪ್ರತಿನಿಧಿ ಈ ವಿಷಯದ ಮಾತುಕತೆಗಳಲ್ಲಿ ಒಕ್ಕೂಟದ ಕಡೆ ಕೂರಕೂಡದೆಂದೂ, ಮತ್ತೆ ಸೇರಬೇಕಾದರೆ ಹೊಸದಾಗಿ ಅರ್ಜಿ ಹಾಕತಕ್ಕದ್ದೆಂದೂ ಹೇಳುತ್ತವೆ.

ಇಲ್ಲಿ ಎರಡು ಮೌನಗಳನ್ನು ವಾಚಕರು ಗಮನಿಸಬೇಕು. ರಾಷ್ಟ್ರದೊಳಗೆ ನಿರ್ಣಯವನ್ನು ಮಾಡತಕ್ಕವರು ಯಾರೆಂಬುದನ್ನು ವಿಧಿಯು ಆಯಾ ರಾಷ್ಟ್ರಕ್ಕೇ ಬಿಟ್ಟಿದೆ. ಕೊಟ್ಟ ನೋಟೀಸನ್ನು ಹಿಂತೆಗೆದುಕೊಳ್ಳಬಹುದೇ ಎಂಬುದನ್ನು ಕುರಿತು ಏನನ್ನೂ ಹೇಳಿಲ್ಲ. ನಮ್ಮ ವಿಮರ್ಶೆಯೆಲ್ಲವೂ ಈ ಎರಡು ಮೌನಗಳ ಪರಸ್ಪರ ಸಂಬಂಧವನ್ನು ಕುರಿತದ್ದು.

೩

೨೦೧೬ನೆಯ ಜೂನ್ ೨೩ರ ಜನಮತಗಣನೆಯಲ್ಲಿ ನೂರಕ್ಕೆ ೫೧.೯ರಷ್ಟು ಮತಗಳು ನಿರ್ಗಮನದ ಪರವಾಗಿ ಬಂದುವು. ಜನಮತಗಣನೆಯನ್ನು ಏರ್ಪಡಿಸಿದ ಶಾಸನವು ಫಲಿತಾಂಶದ ಮೇಲೆ ಮುಂದೇನು ಮಾಡತಕ್ಕದ್ದೆಂಬುದನ್ನು ಹೇಳಿರಲಿಲ್ಲ. ನೋಟೀಸು ಕೊಡುವ ಅಧಿಕಾರ ತನಗೇ ಉಂಟೆಂದು ಸರ್ಕಾರವು ವಾದಿಸಿತು. ಈ ವಾದಕ್ಕೆ ಆಧಾರ ರಾಜಾಧಿಕಾರ. ಅಂದರೆ ಹಿಂದೆ ದೊರೆಯ ಕೈಯಲ್ಲಿದ್ದು, ಈಗ ದೊರೆಯ ಹೆಸರಿನಲ್ಲಿ ಮಂತ್ರಿಗಳು ಶಾಸನದ ಅಪ್ಪಣೆಯಿಲ್ಲದೆ ಚಲಾಯಿಸುವ ಅಧಿಕಾರ. ಪರರಾಷ್ಟ್ರಗಳೊಡನೆ ಒಡಂಬಡಿಕೆ ಮಾಡುವುದೂ ಮುರಿಯುವುದೂ ಈ ಅಧಿಕಾರಕ್ಕೆ ಸೇರಿದುವು. ಗೀನಾ ಮಿಲ್ಲರ್ ಮೊದಲಾದವರು ಇದನ್ನು ಪ್ರಶ್ನಿಸಿದರು. ನವೆಂಬರ್ ೩ರಂದು ಹೈಕೋರ್ಟಿನಲ್ಲಿ ಅವರಿಗೆ ಜಯವಾಯಿತು. ಮೇಲ್ಮನವಿಯನ್ನು ಸರ್ವೋಚ್ಚ ನ್ಯಾಯಾಲಯದ ಹನ್ನೊಂದು ಮಂದಿ ನ್ಯಾಯಮೂರ್ತಿಗಳೂ ಕೂಡಿ ಡಿಸೆಂಬರಿನಲ್ಲಿ ನಾಲ್ಕು ದಿನ ಆಲಿಸಿದರು. ಎಂಟು ಮಂದಿ ಸರ್ಕಾರದ ವಿರುದ್ಧವಾಗಿಯೂ ಮೂವರು ಪರವಾಗಿಯೂ ಅಭಿಪ್ರಾಯವಿತ್ತರು.

ಬಹುಮತದ ವಾದಸರಣಿ ಸ್ಥೂಲವಾಗಿ ಹೀಗಿದೆ. ರಾಜಾಧಿಕಾರದಿಂದ ದೇಶದೊಳಗಿನ ಕಾನೂನನ್ನು ಬದಲಾಯಿಸಲಾಗದು. ಇದು ಘೋಷಣೆಗಳನ್ನು ಕುರಿತ ೧೬೧೦ರ ಮೊಕದ್ದಮೆಯಲ್ಲಿ ಕೋಕ್ ಮುಂತಾದ ನ್ಯಾಯಾಧೀಶರು ಸ್ಥಾಪಿಸಿದ ತತ್ತ್ವ. ೧೬೮೯ರ ಹಕ್ಕುಗಳ ಶಾಸನದಲ್ಲಿ ದೃಢಪಟ್ಟು, ಯುದ್ಧಕಾಲದಲ್ಲಿ ವಶಪಡಿಸಿಕೊಂಡ ಡಿ ಕೈಸರ್ ಹೋಟೆಲಿನ ಮೊಕದ್ದಮೆಯಲ್ಲಿ ೧೯೨೦ರಲ್ಲಿ ಪುನರುಕ್ತವಾದದ್ದು. ೧೯೭೨ರ ಯೂರೋಪಿಯನ್ ಸಮುದಾಯಗಳ ಶಾಸನದ ಮೂಲಕ ಪಾರ್ಲಿಮೆಂಟು ಒಕ್ಕೂಟದ ಕಾನೂನನ್ನು ಬ್ರಿಟನ್ನಿನ ಕಾನೂನಿನ ಒಂದು ಸ್ವತಂತ್ರ ಮೂಲವನ್ನಾಗಿ ಮಾಡಿತು. ಒಕ್ಕೂಟವನ್ನು ಬಿಟ್ಟರೆ ಆ ಮೂಲವೇ ಬತ್ತುತ್ತದೆ. ಪ್ರಜೆಗಳಿಗೆ ಇದ್ದ ಹಕ್ಕುಗಳು ಹೋಗುತ್ತವೆ. ಇಷ್ಟು ದೊಡ್ಡ ಮಾರ್ಪಾಟನ್ನು ಮಂತ್ರಿಗಳು ತಾವೇ ಮಾಡಲಾರರು. ಪಾರ್ಲಿಮೆಂಟಿನ ಸ್ಪಷ್ಟವಾದ ಶಾಸನ ಬೇಕು.

ನಮ್ಮ ದೇಶದ ವಾಚಕರಿಗೆ ಈ ತತ್ತ್ವ ಅಪರಿಚಿತವೇನಲ್ಲ. ೧೯೫೮ರ ನೆಹರೂ-ನೂನ್ ಒಪ್ಪಂದದಂತೆ ಬೇರುಬಾರಿ ಪ್ರದೇಶದ ಒಂದು ಭಾಗವನ್ನು ಪಾಕಿಸ್ತಾನಕ್ಕೆ ಬಿಟ್ಟುಕೊಡುವ ಸಂದರ್ಭದಲ್ಲಿ, ಕೇವಲ ಕಾರ್ಯಾಂಗದ ಒಪ್ಪಂದ ಸಾಲದು, ಸಂವಿಧಾನದ ತಿದ್ದುಪಡಿಯೇ ಆಗಬೇಕೆಂದು ಭಾರತದ ಸರ್ವೋಚ್ಚ ನ್ಯಾಯಾಲಯವು ೧೯೬೦ರಲ್ಲಿ ಅಭಿಪ್ರಾಯ ಕೊಟ್ಟಿತು. ಅದೇ ವರ್ಷ ಒಂಬತ್ತನೆಯ ತಿದ್ದುಪಡಿಯಾಯಿತು. ನಮ್ಮಲ್ಲಿ ಲಿಖಿತ ಸಂವಿಧಾನದ ಮಾತಿನಿಂದ ಪಡೆದ ಉತ್ತರವನ್ನು ಬ್ರಿಟನ್ನಿನ ನ್ಯಾಯಾಧೀಶರು ನಾಲ್ಕು ಶತಮಾನಗಳ ಇತಿಹಾಸದಿಂದ ಪಡೆಯಬೇಕಾಯಿತು ಎಂಬುದಷ್ಟೇ ವ್ಯತ್ಯಾಸ.

೪

ಭಿನ್ನಮತವನ್ನು ಬರೆದ ಮೂವರಲ್ಲಿ ಲಾರ್ಡ್ ರೀಡ್ ಅವರ ವಾದ ಅತ್ಯಂತ ಬಲವಾದದ್ದು. ಅದನ್ನು ಲಘುವಾಗಿ ತಳ್ಳಿಹಾಕಲಾಗದು. ೧೯೭೨ರ ಶಾಸನವು ಒಡಂಬಡಿಕೆಗಳಿಂದ ಕಾಲಕಾಲಕ್ಕೆ ಯಾವ ಹಕ್ಕುಗಳು ಉಂಟಾಗುವುವೋ ಅವುಗಳಿಗೆ ಮಾತ್ರ ಬ್ರಿಟನ್ನಿನಲ್ಲಿ ಜಾರಿಯನ್ನು ಕೊಟ್ಟಿದೆ. ಆದ್ದರಿಂದ ಆ ಹಕ್ಕುಗಳು ಮೊದಲಿನಿಂದಲೂ ಷರತ್ತಿಗೆ ಒಳಪಟ್ಟವು. ಸದಸ್ಯತ್ವವಿದ್ದರೆ ಅವು ಉಂಟು, ಇಲ್ಲದಿದ್ದರೆ ಇಲ್ಲ. ಸದಸ್ಯತ್ವ ಇರಬೇಕೆಂದು ಶಾಸನವು ಎಲ್ಲಿಯೂ ವಿಧಿಸಿಲ್ಲ. ಹೀಗಿರಲಾಗಿ ಸರ್ಕಾರವು ಸದಸ್ಯತ್ವವನ್ನು ಬಿಟ್ಟರೆ ಶಾಸನವನ್ನು ಉಲ್ಲಂಘಿಸಿದಂತಾಗದು ಎಂಬುದು ಅವರ ನಿಲುವು. ಲಾರ್ಡ್ ಕಾರ್ನ್‌ವತ್ ಅವರು ಇದಕ್ಕೆ ಇನ್ನೊಂದನ್ನು ಸೇರಿಸಿದರು. ಹದಿನೇಳನೆಯ ಶತಮಾನದ ದೊರೆಯು ಪಾರ್ಲಿಮೆಂಟಿಗೆ ಉತ್ತರ ಹೇಳಬೇಕಾಗಿರಲಿಲ್ಲ. ಇಂದಿನ ಮಂತ್ರಿಗಳು ಪ್ರತಿದಿನವೂ ಹೇಳಬೇಕು. ಆದ್ದರಿಂದ ಶಾಸನವಿಲ್ಲದಿದ್ದರೆ ನಿರಂಕುಶತೆಯೇ ಎಂದು ತಿಳಿಯಬಾರದು; ಮಂತ್ರಿಗಳ ಹೊಣೆಗಾರಿಕೆಯೂ ಒಂದು ಅಂಕುಶವೇ.

ಇತಿಹಾಸದ ದೃಷ್ಟಿಯಿಂದ ನೋಡಿದರೆ ಈ ಎರಡನೆಯ ಮಾತಿನಲ್ಲಿ ಸತ್ಯಾಂಶವಿದೆ. ೧೬೧೦ರ ದೊರೆಗೂ ೨೦೧೬ರ ಮಂತ್ರಿಮಂಡಲಕ್ಕೂ ನಡುವೆ ನಾಲ್ಕು ಶತಮಾನಗಳ ಬದಲಾವಣೆಗಳಿವೆ. ಒಂದನೆಯ ಜೇಮ್ಸನನ್ನು ತಡೆಯಲು ಹೇಳಿದ ಮಾತನ್ನು ಜನಪ್ರತಿನಿಧಿಗಳ ಬಹುಮತವನ್ನು ಅವಲಂಬಿಸಿದ ಸರ್ಕಾರಕ್ಕೆ ಹಾಗೆಯೇ ಅನ್ವಯಿಸುವಾಗ ನಡುವಣ ಬದಲಾವಣೆಯನ್ನು ವಿವರಿಸುವುದು ಅಗತ್ಯವಾಗಿತ್ತು. ಬಹುಮತದ ತೀರ್ಪು ಪೂರ್ವನಿದರ್ಶನಗಳನ್ನು ಸಾಲಾಗಿ ನಿಲ್ಲಿಸಿದೆಯೇ ಹೊರತು ಅವುಗಳ ನಡುವಣ ಕಾಲವನ್ನು ಸಾಕಷ್ಟು ವಿಚಾರಿಸಿಲ್ಲ. ಇದು ನಾವು ಎತ್ತಬಯಸುವ ಸಣ್ಣ ಆಕ್ಷೇಪ. ದೊಡ್ಡದು ಬೇರೆಯೇ ಇದೆ.

೫

ನೋಟೀಸನ್ನು ಒಮ್ಮೆ ಕೊಟ್ಟರೆ ಹಿಂತೆಗೆದುಕೊಳ್ಳಲಾಗದು ಎಂಬುದನ್ನು ವಾದಿ ಪ್ರತಿವಾದಿಗಳಿಬ್ಬರೂ ಒಪ್ಪಿಕೊಂಡಿದ್ದರು. ಮಿಲ್ಲರ್ ಪಕ್ಷದ ವಾದಕ್ಕೆ ಈ ಒಪ್ಪಿಗೆ ಬಹಳ ಅನುಕೂಲವಾದದ್ದು. ನೋಟೀಸು ಬಂದೂಕಿನಿಂದ ಹೊರಟ ಗುಂಡಿನಂತೆ. ಗುರಿಯನ್ನು ಮುಟ್ಟುವುದು ತಡವಾಗಬಹುದು, ತಪ್ಪದು. ಆದ್ದರಿಂದ ಹಕ್ಕುಗಳು ನಷ್ಟವಾಗುವುದು ನೋಟೀಸಿನಿಂದಲೇ ಎಂದು ಅವರ ಪರವಾಗಿ ವಾದಿಸಲಾಯಿತು. ನ್ಯಾಯಾಲಯವು ಈ ಒಪ್ಪಿಗೆಯನ್ನು ಸ್ವೀಕರಿಸಿ, ಅದು ಸರಿಯೋ ತಪ್ಪೋ ಎಂಬುದನ್ನು ಕುರಿತು ತಾನು ಏನನ್ನೂ ಹೇಳುವುದಿಲ್ಲವೆಂದು ಸೂಚಿಸಿ ಮುಂದುವರಿಯಿತು. ಒಪ್ಪಿಗೆ ತಪ್ಪಾಗಿದ್ದರೂ ಫಲಿತಾಂಶ ಬದಲಾಗದೆಂದು ಸರ್ಕಾರವೇ ಹೇಳಿದ್ದುದು ಇದಕ್ಕೆ ಸಮರ್ಥನೆಯಾಯಿತು.

ವಿಧಿಯ ಕರಡನ್ನು ಸಿದ್ಧಪಡಿಸಿದರೆಂದು ಪ್ರಸಿದ್ಧರಾದ, ಯೂರೋಪಿಯನ್ ಸಮಾವೇಶದ ಕಾರ್ಯದರ್ಶಿಯಾಗಿದ್ದ ಜಾನ್ ಕೆರ್ ಅವರು ನೋಟೀಸನ್ನು ಹಿಂತೆಗೆದುಕೊಳ್ಳಬಹುದೆಂದು ೨೦೧೬ನೆಯ ನವೆಂಬರಿನಲ್ಲಿಯೇ ಬಹಿರಂಗವಾಗಿ ಹೇಳಿದ್ದರು. ಒಡಂಬಡಿಕೆಗಳ ಕಾನೂನನ್ನು ಕುರಿತ ೧೯೬೯ರ ವಿಯೆನ್ನಾ ಒಡಂಬಡಿಕೆಯ ೬೮ನೆಯ ವಿಧಿಯೂ ಇಂಥ ನೋಟೀಸುಗಳನ್ನು ಅವು ಫಲಿಸುವುದಕ್ಕೆ ಮೊದಲು ಹಿಂತೆಗೆದುಕೊಳ್ಳಬಹುದೆಂದು ಹೇಳುತ್ತದೆ. ಒಕ್ಕೂಟದ ಕಾನೂನಿನ ಅರ್ಥವನ್ನು ಕುರಿತ ಪ್ರಶ್ನೆ ತೀರ್ಪಿಗೆ ಅಗತ್ಯವಾಗಿದ್ದರೆ ಅದನ್ನು ಲಕ್ಸೆಂಬರ್ಗಿನಲ್ಲಿರುವ ಯೂರೋಪಿಯನ್ ನ್ಯಾಯಾಲಯಕ್ಕೆ ಕಳುಹಿಸುವುದು ಸದಸ್ಯರಾಷ್ಟ್ರದ ಅಂತಿಮ ನ್ಯಾಯಸ್ಥಾನದ ಕರ್ತವ್ಯವೂ ಆಗಿತ್ತು. ಪ್ರಶ್ನೆ ಅಗತ್ಯವಲ್ಲವೆಂದು ಭಾವಿಸಿದ್ದರಿಂದ ಕಳುಹಿಸುವ ಸಂದರ್ಭ ಒದಗಲಿಲ್ಲ.

ಇಬ್ಬರು ಸಾಕ್ಷಿಗಳು ಒಂದೇ ಮಾತನ್ನು ಹೇಳಿದರೆ ಅದು ನಿಜವೆಂದು ಇತಿಹಾಸಕಾರನು ಒಡನೆಯೇ ನಂಬುವುದಿಲ್ಲ. ಆ ಮಾತಿನಿಂದ ಇಬ್ಬರಿಗೂ ಪ್ರಯೋಜನವಿತ್ತೇ ಎಂದು ಕೇಳುತ್ತಾನೆ. ಇಲ್ಲಿ ಮಿಲ್ಲರ್ ಪಕ್ಷಕ್ಕೆ ಇದ್ದ ಪ್ರಯೋಜನವನ್ನು ಮೇಲೆ ಹೇಳಿದೆವು. ಮತದಾರರ ತೀರ್ಮಾನವನ್ನು ನೆರವೇರಿಸಿಯೇ ತೀರುವೆವೆಂದು ಸಾರಿದ್ದ ಸರ್ಕಾರಕ್ಕೆ, ಹಿಂದಿರುಗುವ ದಾರಿಯೊಂದುಂಟೆಂದು ನ್ಯಾಯಾಲಯದಲ್ಲಿ ವಾದಿಸುವುದು ಹಿತವಾಗಿರಲಾರದೆಂದು ಊಹಿಸಬಹುದು. ಹೀಗೆ ಇಬ್ಬರ ಅನುಕೂಲವೂ ಕೂಡಿದಲ್ಲಿ ಪರೀಕ್ಷೆಯ ಅಗತ್ಯ ಹೆಚ್ಚೇ ಹೊರತು ಕಡಿಮೆಯಲ್ಲ.

ತೀರ್ಪಿನ ಮೇರೆಗೆ ಎರಡೇ ಪ್ರಕರಣಗಳ ಶಾಸನವೊಂದು ೨೦೧೭ನೆಯ ಮಾರ್ಚ್ ೧೬ರಂದು ಅಂಗೀಕಾರ ಪಡೆಯಿತು. ೨೯ರಂದು ನೋಟೀಸು ಹೋಯಿತು. ಮುಂದೆ ಸ್ಕಾಟ್ಲೆಂಡಿನ ಕೆಲವರು ಜನಪ್ರತಿನಿಧಿಗಳು ಹಾಕಿದ ಅರ್ಜಿಯ ಮೇಲೆ ಅಲ್ಲಿನ ನ್ಯಾಯಾಲಯವು ಹಿಂತೆಗೆತದ ಪ್ರಶ್ನೆಯನ್ನು ಲಕ್ಸೆಂಬರ್ಗಿಗೆ ಕಳುಹಿಸಿತು. ವೈಟ್‌ಮನ್ ಮೊಕದ್ದಮೆಯೆಂದು ಹೆಸರಾದ ಈ ಪ್ರಕರಣದಲ್ಲಿ ೨೦೧೮ನೆಯ ಡಿಸೆಂಬರ್ ೧೦ರಂದು ತೀರ್ಪಾಯಿತು. ಉಳಿದ ರಾಷ್ಟ್ರಗಳ ಏಕಮತದ ಒಪ್ಪಿಗೆ ಬೇಕೆಂದು ಒಕ್ಕೂಟದ ಕೌನ್ಸಿಲೂ ಆಯೋಗವೂ ಹೂಡಿದ ವಾದವನ್ನು ನ್ಯಾಯಾಲಯವು ಒಪ್ಪಲಿಲ್ಲ. ನಿರ್ಗಮನದ ಒಪ್ಪಂದ ಜಾರಿಗೆ ಬರುವವರೆಗೆ, ಒಪ್ಪಂದವಿಲ್ಲದಿದ್ದರೆ ಗಡುವು ಮುಗಿಯುವವರೆಗೆ, ಹೊರಡುವ ರಾಷ್ಟ್ರವು ತನ್ನ ಸಂವಿಧಾನದ ಕ್ರಮಕ್ಕನುಸಾರವಾಗಿ, ನಿಃಸಂದಿಗ್ಧವಾಗಿ, ಯಾವ ಷರತ್ತೂ ಇಲ್ಲದೆ ನೋಟೀಸನ್ನು ತಾನಾಗಿಯೇ ಹಿಂತೆಗೆದುಕೊಳ್ಳಬಹುದು. ತನ್ನ ಇಚ್ಛೆಗೆ ವಿರುದ್ಧವಾಗಿ ಯಾವ ರಾಷ್ಟ್ರವನ್ನೂ ಒಕ್ಕೂಟದಿಂದ ಹೊರದೂಡಲಾಗದು ಎಂಬುದು ಇದರ ಹಿಂದಿನ ಆಶಯ. ಹೊರಟ ಗುಂಡನ್ನು ಹಿಂದಕ್ಕೆ ಕರೆಯಬಹುದೆಂದು ಆಗ ಸ್ಥಾಪಿತವಾಯಿತು.

೬

ಹಾಗಾದರೆ ಮಿಲ್ಲರ್ ತೀರ್ಪು ಬಿದ್ದುಹೋಯಿತೆ? ನೋಟೀಸನ್ನು ಹಿಂತೆಗೆದುಕೊಳ್ಳಬಹುದಾದರೆ ಅದರಿಂದಲೇ ಯಾವ ಹಕ್ಕೂ ನಷ್ಟವಾಗದು. ಪಾರ್ಲಿಮೆಂಟು ಯಾವಾಗ ಬೇಕಾದರೂ ತಡೆಯಬಹುದು. ಆದ್ದರಿಂದ ಮೊದಲೇ ಅದರ ಅಪ್ಪಣೆ ಬೇಡ ಎಂದು ವಾದಿಸಲು ಅವಕಾಶ ತೋರುತ್ತದೆ. ಈ ವಾದ ಸರಿಯಲ್ಲವೆಂಬುದು ನಮ್ಮ ಅಭಿಪ್ರಾಯ.

ಅಪ್ಪಣೆ ಕೊಡುವ ಅಧಿಕಾರವೂ ತಡೆಯುವ ಅಧಿಕಾರವೂ ಒಂದೇ ಅಲ್ಲ. ಪಾರ್ಲಿಮೆಂಟಿನ ಅಪ್ಪಣೆ ಬೇಕಾದಾಗ, ಅದು ಸುಮ್ಮನಿದ್ದರೆ ಹಕ್ಕುಗಳು ಉಳಿಯುತ್ತವೆ. ಪಾರ್ಲಿಮೆಂಟು ತಡೆಯಬೇಕಾದಾಗ, ಅದು ಸುಮ್ಮನಿದ್ದರೆ ಹಕ್ಕುಗಳು ಹೋಗುತ್ತವೆ. ೫೦ನೆಯ ವಿಧಿಯ ಮೂರನೆಯ ಖಂಡದಂತೆ ಗಡುವು ತಾನಾಗಿಯೇ ಓಡುತ್ತದೆ; ನಿಲ್ಲಿಸಲು ಯಾರಾದರೂ ಏನಾದರೂ ಮಾಡಬೇಕು. ಅಂದರೆ ನೋಟೀಸಿನ ನಿಜವಾದ ಫಲವು ಹಕ್ಕುಗಳನ್ನು ಕಸಿಯುವುದಲ್ಲ. ಸುಮ್ಮನಿರುವುದರ ಪರಿಣಾಮವನ್ನೇ ತಿರುಗಿಸುವುದು. ಹಿಂದೆ ಬಹುಮತವಿಲ್ಲದೆ ಹೊರಬರುವಂತಿರಲಿಲ್ಲ. ನೋಟೀಸಿನ ತರುವಾಯ ಬಹುಮತವಿಲ್ಲದೆ ಒಳಗೆ ನಿಲ್ಲುವಂತಿಲ್ಲ. ಶಾಸನದಿಂದ ಕೊಟ್ಟ ಹಕ್ಕನ್ನು ಉಳಿಸಿಕೊಳ್ಳುವ ಹೊರೆಯನ್ನು ಹೀಗೆ ಕಳೆಯುವವರ ಮೇಲಿನಿಂದ ಕಾಯುವವರ ಮೇಲಕ್ಕೆ ದಾಟಿಸುವುದು ಕಾನೂನಿನ ಬದಲಾವಣೆಗಿಂತ ಕಡಿಮೆಯದಲ್ಲ. ತೀರ್ಪನ್ನು ಈ ಆಧಾರದ ಮೇಲೆ ನಿಲ್ಲಿಸಿದ್ದರೆ ಗುಂಡಿನ ಉಪಮೆ ಬೇಕಾಗುತ್ತಿರಲಿಲ್ಲ. ವೈಟ್‌ಮನ್ ತೀರ್ಪಿನಿಂದ ಅದಕ್ಕೆ ಹಾನಿಯೂ ಆಗುತ್ತಿರಲಿಲ್ಲ.

ಅನಂತರದ ಘಟನೆಗಳು ಈ ಮಾತಿಗೆ ಸಾಕ್ಷಿ. ಸರ್ಕಾರವು ಮಾಡಿಕೊಂಡು ಬಂದ ಒಪ್ಪಂದವನ್ನು ಕಾಮನ್ಸ್ ಸಭೆಯು ೨೦೧೯ನೆಯ ಜನವರಿ ೧೫ರಂದು ೪೩೨ಕ್ಕೆ ೨೦೨ ಮತಗಳಿಂದ ತಿರಸ್ಕರಿಸಿತು. ಒಪ್ಪಂದವಿಲ್ಲದೆ ಹೋಗುವ ಸಂದರ್ಭ ಬಂದರೆ ನೋಟೀಸನ್ನು ಹಿಂತೆಗೆದುಕೊಳ್ಳಬೇಕೆಂಬ ಸೂಚನೆಯೂ ಮಾರ್ಚ್ ೨೭ರಂದು ೧೮೪ ಪರ, ೨೯೩ ವಿರೋಧ ಮತಗಳಿಂದ ಬಿದ್ದಿತು. ಹೋಗುವ ಬಗೆಗೂ ಬಹುಮತವಿಲ್ಲ, ನಿಲ್ಲುವ ಬಗೆಗೂ ಬಹುಮತವಿಲ್ಲ. ಗಡುವು ಮಾತ್ರ ಓಡುತ್ತಿತ್ತು. ಉಳಿದ ಇಪ್ಪತ್ತೇಳು ರಾಷ್ಟ್ರಗಳು ಒಪ್ಪಿದ್ದರಿಂದ ಅದು ಮುಂದಕ್ಕೆ ಹೋಯಿತು.

ಮಂತ್ರಿಗಳ ಹೊಣೆಗಾರಿಕೆಯೇ ಸಾಕೆಂಬ ಲಾರ್ಡ್ ಕಾರ್ನ್‌ವತ್ ಅವರ ಮಾತಿಗೂ ಅದೇ ವರ್ಷ ಪರೀಕ್ಷೆ ಒದಗಿತು. ಒಪ್ಪಂದವಿಲ್ಲದೆ ಹೊರಬೀಳುವುದನ್ನು ತಡೆಯಲು ಪಾರ್ಲಿಮೆಂಟು ಸೆಪ್ಟೆಂಬರ್ ೯ರಂದು ಶಾಸನವೊಂದನ್ನು ಮುಗಿಸಿಕೊಂಡಿತು. ಅದೇ ರಾತ್ರಿ ಅಧಿವೇಶನವನ್ನು ಐದು ವಾರಗಳ ಕಾಲ ಮುಚ್ಚಲಾಯಿತು. ಮುಚ್ಚಿದ್ದೂ ರಾಜಾಧಿಕಾರದ ಹೆಸರಿನಲ್ಲಿಯೇ. ಹೊಣೆಗಾರಿಕೆಯನ್ನು ಕೇಳುವ ಸಭೆಯೇ ಕೂರದಿದ್ದರೆ ಹೊಣೆಗಾರಿಕೆ ಎಲ್ಲಿಯದು? ಸರ್ವೋಚ್ಚ ನ್ಯಾಯಾಲಯದ ಹನ್ನೊಂದು ಮಂದಿ ನ್ಯಾಯಮೂರ್ತಿಗಳು ಸೆಪ್ಟೆಂಬರ್ ೨೪ರಂದು ಈ ಕ್ರಮವನ್ನು ಏಕಮತದಿಂದ ರದ್ದುಗೊಳಿಸಿದರು. ೨೦೧೭ರಲ್ಲಿ ಭಿನ್ನಮತವನ್ನು ಬರೆದಿದ್ದ ರೀಡ್ ಮತ್ತು ಕಾರ್ನ್‌ವತ್ ಇಬ್ಬರೂ ಆ ಪೀಠದಲ್ಲಿದ್ದರೆಂಬುದು ಗಮನಾರ್ಹ. ಪಾರ್ಲಿಮೆಂಟು ತಡೆಯಬಲ್ಲದು ಎಂಬುದನ್ನು ನಂಬಿ ಅಪ್ಪಣೆಯ ಅಗತ್ಯವನ್ನು ಕೈಬಿಡುವುದು ಎಷ್ಟು ಅಪಾಯಕರವೆಂಬುದು ಇದರಿಂದ ತಿಳಿಯುತ್ತದೆ.

೭

ಇಷ್ಟೆಲ್ಲ ವಿಚಾರದಿಂದ ಸಾಮಾನ್ಯ ಮನುಷ್ಯನಿಗೆ ಆಗುವುದೇನೆಂದು ಕೇಳುವವರಿಗೆ ಉತ್ತರವಾಗಿ ಇನ್ನೊಂದು ಮೊಕದ್ದಮೆಯನ್ನು ಹೇಳಿ ಲೇಖನವನ್ನು ಮುಗಿಸುತ್ತೇವೆ. ಬ್ರಿಟನ್ ೨೦೨೦ನೆಯ ಜನವರಿ ೩೧ರಂದು ಒಕ್ಕೂಟವನ್ನು ಬಿಟ್ಟಿತು. ವರ್ಷದ ಕೊನೆಯವರೆಗೆ ಸಂಧಿಕಾಲವಿತ್ತು. ೧೯೮೪ರಿಂದ ಫ್ರಾನ್ಸಿನಲ್ಲಿ ನೆಲೆಸಿದ್ದ ಒಬ್ಬ ಬ್ರಿಟಿಷ್ ಮಹಿಳೆಯ ಹೆಸರನ್ನು ಊರಿನ ಪೌರಸಭೆಯ ಮತದಾರರ ಪಟ್ಟಿಯಿಂದ ತೆಗೆದುಹಾಕಲಾಯಿತು. ಸ್ವದೇಶವನ್ನು ಬಿಟ್ಟು ಹದಿನೈದು ವರ್ಷ ಮೀರಿದವರಿಗೆ ಆಗ ಬ್ರಿಟನ್ನಿನಲ್ಲಿ ಮತವಿರಲಿಲ್ಲ. ಆ ನಿಬಂಧನೆ ೨೦೨೪ರಲ್ಲಿ ತೊಲಗಿತು. ಆದಕಾರಣ ೨೦೧೬ರ ಜನಮತಗಣನೆಯಲ್ಲಿ ಆಕೆ ಮತ ಹಾಕುವಂತಿರಲಿಲ್ಲ. ಅದರ ಫಲವಾಗಿ ತಾನು ವಾಸಿಸುವ ಊರಿನ ಮತವನ್ನೂ ಕಳೆದುಕೊಂಡಳು. ಒಕ್ಕೂಟದ ನಾಗರಿಕತ್ವವು ಸದಸ್ಯರಾಷ್ಟ್ರದ ಪ್ರಜೆಯಾಗಿರುವುದನ್ನು ಅವಲಂಬಿಸಿದೆ; ರಾಷ್ಟ್ರವು ಹೊರಬಂದರೆ ಅದರ ಪ್ರಜೆಗಳು ಆ ನಾಗರಿಕತ್ವವನ್ನು ತಾವಾಗಿಯೇ ಕಳೆದುಕೊಳ್ಳುತ್ತಾರೆಂದು ಲಕ್ಸೆಂಬರ್ಗ್ ನ್ಯಾಯಾಲಯವು ೨೦೨೨ನೆಯ ಜೂನ್ ೯ರಂದು ತೀರ್ಪಿತ್ತಿತು.

ಇದು ಲಾರ್ಡ್ ರೀಡ್ ಅವರ ವಾದಕ್ಕೆ ಹತ್ತಿರವಾದದ್ದೆಂಬುದನ್ನು ವಾಚಕರು ಗುರುತಿಸಬಹುದು. ಹಕ್ಕುಗಳು ಸದಸ್ಯತ್ವದ ಷರತ್ತಿಗೆ ಒಳಪಟ್ಟವೆಂದು ಅವರು ಹೇಳಿದ್ದು ನಿಜವೇ ಆಯಿತು. ಆದರೆ ಅದರಿಂದ ಅವರು ತೆಗೆದ ಸಿದ್ಧಾಂತಕ್ಕೆ ವಿರುದ್ಧವಾದುದೇ ಸಿದ್ಧಿಸುತ್ತದೆಂದು ನಮಗೆ ತೋರುತ್ತದೆ. ಹಕ್ಕುಗಳು ಸದಸ್ಯತ್ವದೊಡನೆಯೇ ಹೋಗುವುವಾದರೆ, ನ್ಯಾಯಸ್ಥಾನಗಳು ಅವನ್ನು ಆಮೇಲೆ ಮರಳಿ ಕೊಡಲಾರವಾದರೆ, ವ್ಯಕ್ತಿಗೆ ಉಳಿಯುವ ರಕ್ಷಣೆ ಒಂದೇ: ಸದಸ್ಯತ್ವವನ್ನು ಬಿಡುವ ನಿರ್ಣಯವು ಬಹಿರಂಗವಾದ ಚರ್ಚೆಯಿಂದ, ಜನಪ್ರತಿನಿಧಿಗಳ ಮತದಿಂದ ಆಗತಕ್ಕದ್ದು ಎಂಬುದು. ಆ ಮಹಿಳೆಯ ಪಾಲಿಗೆ ಈ ರಕ್ಷಣೆಯೂ ಫಲಿಸಲಿಲ್ಲವೆಂಬುದನ್ನು ಮರೆಮಾಚಬೇಕಾದದ್ದಿಲ್ಲ. ಆದರೆ ಶಾಸನಸಭೆಯ ಮುಂದೆ ತನ್ನ ಅಹವಾಲನ್ನು ಯಾರ ಮೂಲಕವಾದರೂ ಹೇಳಿಸಲು ಪ್ರಜೆಗೆ ಒಂದು ಎಡೆಯುಂಟು; ಮಂತ್ರಿಗಳ ಪತ್ರವೊಂದರಿಂದಲೇ ಕೆಲಸ ಮುಗಿಯುವುದಾದರೆ ಅದೂ ಇಲ್ಲ.

ಒಟ್ಟಿನಲ್ಲಿ ಮಿಲ್ಲರ್ ತೀರ್ಪನ್ನು ನಾವು ಸರಿಯಾದ ತೀರ್ಪೆಂದೇ ಎಣಿಸುತ್ತೇವೆ. ಅದು ಆಶ್ರಯಿಸಿದ ಒಪ್ಪಿಗೆಯಿಂದ ಅದನ್ನು ಬಿಡಿಸಿ, ಹೊರೆ ಯಾರದೆಂಬ ತತ್ತ್ವದ ಮೇಲೆ ನಿಲ್ಲಿಸಿ ಓದುವುದು ಉಚಿತ. ಯೂರೋಪಿನ ಆಚೆಗೂ ರಾಷ್ಟ್ರಗಳು ಕೂಡಿ ಸಂಸ್ಥೆಗಳನ್ನು ಕಟ್ಟಿಕೊಳ್ಳುತ್ತಿವೆ, ಬಿಟ್ಟುಹೋಗುತ್ತಲೂ ಇವೆ. ಅಲ್ಲೆಲ್ಲ ಬಾಗಿಲನ್ನು ಮರಳಿ ತೆರೆಯಬಹುದೇ ಎಂದು ಕೇಳುವುದಕ್ಕೆ ಮೊದಲು, ಯಾರೂ ಏನೂ ಮಾಡದೆ ಸುಮ್ಮನಿದ್ದರೆ ಯಾರು ಏನನ್ನು ಕಳೆದುಕೊಳ್ಳುವರು ಎಂಬುದನ್ನು ವಿಚಾರಿಸತಕ್ಕದ್ದು.